ಸಾನಿಯಾ ದಾಖಲೆಯನ್ನು ಒಂದೇ ಮೊತ್ತಕ್ಕೆ ಕೂಡಿಸಬೇಡಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಸಾನಿಯಾ ಮಿರ್ಜಾ ಹೆಸರು ಬಂದಾಗಲೆಲ್ಲ ಅದರ ಬೆನ್ನಿಗೆ ‘ಆರು ಗ್ರ್ಯಾಂಡ್ ಸ್ಲಾಂ ಪ್ರಶಸ್ತಿಗಳ ಒಡತಿ’ ಎಂಬ ಮಾತೂ ಬರುತ್ತದೆ. ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್, ಅಮೆರಿಕ ಓಪನ್ ಎಂಬ ನಾಲ್ಕು ಅತಿ ದೊಡ್ಡ ಟೂರ್ನಿಗಳೇ ಗ್ರ್ಯಾಂಡ್ ಸ್ಲಾಂ. ಮಾತು ಸುಳ್ಳಲ್ಲ. ಆದರೆ ಟೆನಿಸ್ ಹೆಚ್ಚು ನೋಡದವರು ಅದನ್ನು ಓದಿ, ಈಕೆ ಆರು ಸಲ ಸಿಂಗಲ್ಸ್ ಗೆದ್ದವರು ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ಟೆನಿಸ್ ಬಲ್ಲವರಿಗೂ ಆ ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಸಾನಿಯಾ ನಿಜಕ್ಕೂ ಎಷ್ಟು ದೊಡ್ಡ ಆಟಗಾರ್ತಿ ಎನ್ನುವುದು ಕಾಣಬೇಕಾದರೆ ಸಿಂಗಲ್ಸ್, ಮಹಿಳಾ ಡಬಲ್ಸ್, ಮಿಶ್ರ ಡಬಲ್ಸ್ ಮೂರನ್ನೂ ಬೇರೆಬೇರೆಯಾಗಿಯೇ ಬರೆಯಬೇಕು.

ಆರರಲ್ಲಿ ಮೂರು ಮಿಶ್ರ ಡಬಲ್ಸ್‌ನವು. 2009ರ ಆಸ್ಟ್ರೇಲಿಯನ್ ಓಪನ್ ಮತ್ತು 2012ರ ಫ್ರೆಂಚ್ ಓಪನ್ ಮಹೇಶ್ ಭೂಪತಿ ಜತೆ, 2014ರ ಅಮೆರಿಕ ಓಪನ್ ಬ್ರೆಜಿಲ್‌ನ ಬ್ರೂನೊ ಸೊರೆಸ್ ಜತೆ. ಉಳಿದ ಮೂರು ಮಹಿಳಾ ಡಬಲ್ಸ್‌ನವು: 2015ರ ವಿಂಬಲ್ಡನ್, ಅದೇ ವರ್ಷದ ಅಮೆರಿಕ ಓಪನ್, 2016ರ ಆಸ್ಟ್ರೇಲಿಯನ್ ಓಪನ್. ಮೂರರಲ್ಲೂ ಜತೆಗಾರ್ತಿ ಸ್ವಿಟ್ಜರ್ಲೆಂಡ್‌ನ ಮಾರ್ಟಿನಾ ಹಿಂಗಿಸ್. ಮೂರಕ್ಕೆ ಮೂರು ಸಮ ಎನಿಸುತ್ತದೆ. ಫೈನಲ್‌ಗಳನ್ನು ಎಣಿಸಿದರೆ ಚಿತ್ರವೇ ಬೇರೆ. ಮಿಶ್ರ ಡಬಲ್ಸ್‌ನಲ್ಲಿ ಎಂಟು ಗ್ರ್ಯಾಂಡ್ ಸ್ಲಾಂ ಫೈನಲ್ ಆಡಿ ಐದರಲ್ಲಿ ಸೋತರು. ಮಹಿಳಾ ಡಬಲ್ಸ್‌ನಲ್ಲಿ ನಾಲ್ಕೇ ಫೈನಲ್, ಸೋತದ್ದು ಒಂದರಲ್ಲಿ: 2011ರ ಫ್ರೆಂಚ್ ಓಪನ್, ಎಲೆನಾ ವೆಸ್ನಿನಾ ಜತೆ ಆಡಿ ಜೆಕ್ ಜೋಡಿ ಹ್ಲಾವಚ್ಕೋವಾ–ಹ್ರಾಡೆಸ್ಕಾ ಎದುರು. ಹಾಗಾಗಿ ಮಹಿಳಾ ಡಬಲ್ಸ್‌ನಲ್ಲಿ ಆಕೆಗೆ ಕೊನೆಗೂ ದಕ್ಕದೆ ಉಳಿದದ್ದು ಪ್ಯಾರಿಸ್‌ನ ಫ್ರೆಂಚ್ ಓಪನ್. ಮಿಶ್ರ ಡಬಲ್ಸ್‌ನಲ್ಲಿ ದಕ್ಕದ್ದು ವಿಂಬಲ್ಡನ್. ಅಲ್ಲಿ 2022ರಲ್ಲಿ ಕ್ರೊವೇಷ್ಯಾದ ಮಾಟೆ ಪಾವಿಚ್ ಜತೆ ಸೆಮಿಫೈನಲ್‌ವರೆಗೆ ಹೋಗಿದ್ದರು. ಎರಡೂ ವಿಭಾಗಗಳನ್ನು ಬೆರೆಸಿ ‘ನಾಲ್ಕೂ ಗ್ರ್ಯಾಂಡ್ ಸ್ಲಾಂ ಗೆದ್ದಿದ್ದಾರೆ’ ಎಂದು ಬರೆಯುವುದುಂಟು. ಯಾವುದೇ ಒಂದು ವಿಭಾಗದಲ್ಲಿ ಆಕೆ ನಾಲ್ಕನ್ನೂ ಗೆದ್ದಿಲ್ಲ ಎಂಬುದನ್ನು ಅದೇ ವಾಕ್ಯದಲ್ಲಿ ಹೇಳದಿದ್ದರೆ ಓದುಗರಿಗೆ ತಪ್ಪು ಮಾಹಿತಿ ಕೊಟ್ಟಂತೆಯೇ. 2003ರ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಕಿರೀಟ (ರಷ್ಯಾದ ಅಲಿಸಾ ಕ್ಲೇಬನೋವಾ ಜತೆ) ಜೂನಿಯರ್ ಲೆಕ್ಕ. ಅದನ್ನು ಈ ಆರಕ್ಕೆ ಸೇರಿಸಿ ಏಳು ಮಾಡುವಂತಿಲ್ಲ.

‘ಮೊದಲ ಭಾರತೀಯ ಮಹಿಳೆ’ ಎಂಬ ಬಿರುದಿಗೂ ಇದೇ ಎಚ್ಚರ ಬೇಕು. 1968ರಲ್ಲಿ ಶುರುವಾದ ಓಪನ್ ಯುಗದಲ್ಲಿ ಗ್ರ್ಯಾಂಡ್ ಸ್ಲಾಂನ ಮುಖ್ಯ ಸುತ್ತಿನಲ್ಲಿ ಸಿಂಗಲ್ಸ್ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಸಾನಿಯಾ ಅಲ್ಲ, ನಿರುಪಮಾ ವೈದ್ಯನಾಥನ್. ಅದು 1998ರ ಆಸ್ಟ್ರೇಲಿಯನ್ ಓಪನ್‌ನಲ್ಲಿ. ಸಾನಿಯಾ ಪಾಲಿನ ಮೊದಲುಗಳು ಬೇರೆ. ಡಬ್ಲ್ಯುಟಿಎ (ವೃತ್ತಿಪರ ಮಹಿಳಾ ಟೆನಿಸ್ ಸಂಘಟನೆ) ಸಿಂಗಲ್ಸ್ ಪ್ರಶಸ್ತಿ 2005ರಲ್ಲಿ, ಗ್ರ್ಯಾಂಡ್ ಸ್ಲಾಂ ಪ್ರಶಸ್ತಿ 2009ರಲ್ಲಿ, ಮಹಿಳಾ ಡಬಲ್ಸ್‌ನ ಗ್ರ್ಯಾಂಡ್ ಸ್ಲಾಂ ಮತ್ತು ಡಬಲ್ಸ್‌ನ ವಿಶ್ವ ಅಗ್ರಸ್ಥಾನ 2015ರಲ್ಲಿ. ಎಲ್ಲಕ್ಕೂ ವರ್ಷವಿದೆ, ವಿಭಾಗವಿದೆ. ಬರೆಯಲು ಹಿಡಿಯುವುದು ಒಂದೆರಡು ಪದ ಅಷ್ಟೆ.

ಸ್ಕೋರ್ ಅಚ್ಚಾಗುವ ರೀತಿಯಲ್ಲೂ ಒಂದು ತೊಡಕಿದೆ. 2014ರ ಅಮೆರಿಕ ಓಪನ್ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಸಾನಿಯಾ–ಸೊರೆಸ್ ಗೆದ್ದದ್ದು 6–1, 2–6, [11–9]ರಿಂದ. ಕೊನೆಯದು ಸೆಟ್ ಅಲ್ಲ, ಮೂರನೇ ಸೆಟ್ ಬದಲು ಆಡುವ 10 ಪಾಯಿಂಟ್‌ಗಳ ಸೂಪರ್ ಟೈಬ್ರೇಕರ್; ಎರಡು ಪಾಯಿಂಟ್ ಅಂತರ ಬೇಕಿದ್ದರಿಂದ 11ಕ್ಕೆ ಹೋಯಿತು. ಚೌಕಾವರಣ ಬಿಟ್ಟು ಅಚ್ಚು ಹಾಕಿದರೆ ಇಪ್ಪತ್ತು ಗೇಮ್‌ಗಳ ಮೂರನೇ ಸೆಟ್ ನಡೆಯಿತೆಂಬ ಅರ್ಥ ಬರುತ್ತದೆ. ಈಗ 2015ರ ವಿಂಬಲ್ಡನ್ ಮಹಿಳಾ ಡಬಲ್ಸ್ ಫೈನಲ್ ನೋಡಿ. ರಷ್ಯಾದ ಮಕರೋವಾ–ವೆಸ್ನಿನಾ ಎದುರು 5–7, 7–6, 7–5. ಇಲ್ಲಿ ಮೂರನೇ ಸೆಟ್ ಪೂರ್ತಿ ಆಡಿದ್ದು. ಆ ಸೆಟ್‌ನಲ್ಲಿ ಸಾನಿಯಾ–ಹಿಂಗಿಸ್ 2–5ರಿಂದ ಹಿಂದಿದ್ದರು. ಎದುರಾಳಿಗಳಿಗೆ ಬೇಕಿದ್ದದ್ದು ಇನ್ನೊಂದೇ ಗೇಮ್. ಅಲ್ಲಿಂದ ಸತತ ಮೂರು ಗೇಮ್ ಗೆದ್ದು 5–5 ಮಾಡಿದರು. ಅಷ್ಟರಲ್ಲಿ ಬೆಳಕು ಕುಂದಿ ಸೆಂಟರ್ ಕೋರ್ಟ್‌ನ ಚಾವಣಿ ಮುಚ್ಚಬೇಕಾಯಿತು. ಮರಳಿ ಬಂದು ಉಳಿದ ಎರಡು ಗೇಮ್‌ಗಳನ್ನೂ ಗೆದ್ದುಕೊಂಡರು. ಒಂದರಲ್ಲಿ ಕೊನೆಗೆ ಉಳಿದದ್ದು ಇಪ್ಪತ್ತು ಪಾಯಿಂಟ್‌ಗಳ ಪಣ, ಇನ್ನೊಂದರಲ್ಲಿ ಹನ್ನೆರಡು ಗೇಮ್‌ಗಳ ಸೆಣಸಾಟ. ಎರಡನ್ನೂ ‘ಮೂರು ಸೆಟ್‌ಗಳ ಗೆಲುವು’ ಎಂದು ಬರೆದು ಮುಗಿಸುವುದು ಆ ಆಟಕ್ಕೆ ಮಾಡುವ ಅನ್ಯಾಯ.

ಇನ್ನು ರ್‍ಯಾಂಕಿಂಗ್. ಸಾನಿಯಾ 2015ರ ಏಪ್ರಿಲ್ 13ರಂದು ಡಬಲ್ಸ್‌ನ ಅಗ್ರಸ್ಥಾನಕ್ಕೇರಿ 91 ವಾರ ಅಲ್ಲಿದ್ದರು. ಇದಂತೂ ನನ್ನ ಮಟ್ಟಿಗೆ ಆ ಆರು ಪ್ರಶಸ್ತಿಗಳಿಗಿಂತ ತೂಕದ ದಾಖಲೆ. ಆದರೂ ನಮ್ಮ ಪುಟಗಳಲ್ಲಿ ಅದು ಕೊನೆಯ ಸಾಲಿಗೆ ಸರಿದುಬಿಡುತ್ತದೆ, ಅಥವಾ ಜಾಗವಿಲ್ಲವೆಂದು ಬಿಟ್ಟೇಹೋಗುತ್ತದೆ. ಅಗ್ರಸ್ಥಾನ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ಒಮ್ಮೆಯಾದರೂ ಓದುಗರಿಗೆ ಬಿಡಿಸಿ ಹೇಳಬೇಕು. ಅಂಕಗಳು 52 ವಾರ ಮಾತ್ರ ಬಾಳುತ್ತವೆ. ಒಂದು ವರ್ಷದ ಗುತ್ತಿಗೆಗೆ ಹಿಡಿದ ಹೊಲದಂತೆ, ಮುಂದಿನ ವರ್ಷ ಅದೇ ವಾರ ಹಳೆಯದು ಕೈಬಿಡುತ್ತದೆ, ಮತ್ತೆ ಬೆಳೆದು ತೋರಿಸಬೇಕು. ಆಗಿನ ನಿಯಮದಂತೆ ಡಬಲ್ಸ್‌ನಲ್ಲಿ ಅತ್ಯುತ್ತಮ 11 ಟೂರ್ನಿಗಳ ಅಂಕ ಮಾತ್ರ ಲೆಕ್ಕಕ್ಕೆ. ಗ್ರ್ಯಾಂಡ್ ಸ್ಲಾಂ ಗೆದ್ದರೆ 2000, ಇಂಡಿಯನ್ ವೆಲ್ಸ್, ಮಯಾಮಿಯಂಥವಕ್ಕೆ 1000, ಚಾರ್ಲ್ಸ್‌ಟನ್, ಬ್ರಿಸ್ಬೇನ್‌ಗಳಿಗೆ 470. ಅಂಕ ಜೋಡಿಗೆ ಸೇರುವುದಿಲ್ಲ, ಒಬ್ಬೊಬ್ಬರ ಖಾತೆಗೆ ಬೇರೆಬೇರೆಯಾಗಿ ಹೋಗುತ್ತದೆ. ಮಿಶ್ರ ಡಬಲ್ಸ್‌ಗೆ ರ್‍ಯಾಂಕಿಂಗ್ ಅಂಕವೇ ಇಲ್ಲ.

ಈ ಲೆಕ್ಕ ತಿಳಿದಿದ್ದರೆ 2017ರ ಜನವರಿಯಲ್ಲಿ ನಡೆದದ್ದು ಅರ್ಥವಾಗುತ್ತದೆ. ಆ ವಾರ ಬ್ರಿಸ್ಬೇನ್‌ನಲ್ಲಿ ಸಾನಿಯಾ ಮತ್ತು ಅಮೆರಿಕದ ಬೆಥನಿ ಮ್ಯಾಟೆಕ್‌–ಸ್ಯಾಂಡ್ಸ್ ಜೋಡಿ ಫೈನಲ್‌ನಲ್ಲಿ ಮಕರೋವಾ–ವೆಸ್ನಿನಾರನ್ನು 6–2, 6–3ರಿಂದ ಸೋಲಿಸಿ ಪ್ರಶಸ್ತಿ ಎತ್ತಿತು. ಜನವರಿ 9ರ ಪಟ್ಟಿ ಬಂದಾಗ ಅಗ್ರಸ್ಥಾನದಲ್ಲಿದ್ದವರು ಬೆಥನಿ, ಸಾನಿಯಾ ಅಲ್ಲ. ಪ್ರಶಸ್ತಿ ಗೆದ್ದ ವಾರವೇ, ಗೆಲ್ಲಿಸಿದ ಜತೆಗಾರ್ತಿಗೇ ಪಟ್ಟ ಹೋಯಿತು! ಕಾರಣ ಸರಳ. ಹಿಂದಿನ ವರ್ಷ ಅದೇ ಬ್ರಿಸ್ಬೇನ್‌ನಲ್ಲಿ ಸಾನಿಯಾ ಹಿಂಗಿಸ್ ಜತೆ ಗೆದ್ದಿದ್ದರು. ಹಳೆಯ 470 ಹೋಗಿ ಹೊಸ 470 ಬಂತು, ಮೊತ್ತ ಇದ್ದಲ್ಲೇ ನಿಂತಿತು. ಬೆಥನಿಯದು ಏರಿತು. ಅದೇ ತಿಂಗಳು ಸಾನಿಯಾ ತಲೆಯ ಮೇಲೆ ಇನ್ನೂ ದೊಡ್ಡ ಹೊರೆಯಿತ್ತು. 2016ರ ಆಸ್ಟ್ರೇಲಿಯನ್ ಓಪನ್‌ನ 2000 ಅಂಕ ಉಳಿಸಿಕೊಳ್ಳಬೇಕಿತ್ತು, ಆದರೆ ಮೂರನೇ ಸುತ್ತಿಗೇ ಆಟ ಮುಗಿಯಿತು. ಇಂಥ ಹೊತ್ತಿನಲ್ಲಿ ‘ಅಗ್ರಸ್ಥಾನದಿಂದ ಕುಸಿದ ಸಾನಿಯಾ’ ಎಂಬ ತಲೆಬರಹ ಕೊಟ್ಟರೆ ಆಟ ಕೆಟ್ಟಿತೆಂದು ಓದುಗರು ತಿಳಿಯುತ್ತಾರೆ. ಆ ವಾರ ಆಕೆ ಒಂದೂ ಪಂದ್ಯ ಸೋತಿರಲಿಲ್ಲ.

ಹಿಂಗಿಸ್ ಜತೆಗಿನ ಅಧ್ಯಾಯಕ್ಕೆ ಇನ್ನಷ್ಟು ಜಾಗ ಸಲ್ಲಬೇಕು. 2015ರ ಮಾರ್ಚ್‌ನಲ್ಲಿ ಒಟ್ಟಾದ ಇವರು ಮೊದಲ ಮೂರು ಟೂರ್ನಿಗಳನ್ನೂ ಗೆದ್ದರು: ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್. ಒಟ್ಟು ಗೆದ್ದದ್ದು 14. ಸಾನಿಯಾ 2015ರಲ್ಲಿ ಹತ್ತು, 2016ರಲ್ಲಿ ಎಂಟು ಡಬಲ್ಸ್ ಪ್ರಶಸ್ತಿ ಗೆದ್ದರು. ವೃತ್ತಿಜೀವನದ ಒಟ್ಟು 43ರಲ್ಲಿ ಇವೆರಡೇ ವರ್ಷಗಳ ಪಾಲು 18. 2015ರ ಅಮೆರಿಕ ಓಪನ್‌ನಿಂದ ಶುರುವಾದ ಸತತ 41 ಗೆಲುವುಗಳ ಓಟದಲ್ಲಿ ಗುವಾಂಗ್‌ಝೌ, ವುಹಾನ್, ಬೀಜಿಂಗ್, ಸಿಂಗಪುರದ ಡಬ್ಲ್ಯುಟಿಎ ಫೈನಲ್ಸ್, ಬ್ರಿಸ್ಬೇನ್, ಸಿಡ್ನಿ, ಆಸ್ಟ್ರೇಲಿಯನ್ ಓಪನ್, ಸೇಂಟ್ ಪೀಟರ್ಸ್‌ಬರ್ಗ್ ಸೇರಿ ಒಂಬತ್ತು ಟೂರ್ನಿಗಳಿವೆ. ಗ್ರ್ಯಾಂಡ್ ಸ್ಲಾಂ ಬಿಟ್ಟರೆ ಇವೆಲ್ಲವೂ 40–40 ಆದಾಗ ಒಂದೇ ಪಾಯಿಂಟ್‌ಗೆ ಗೇಮ್ ತೀರ್ಮಾನವಾಗುವ, ಮೂರನೇ ಸೆಟ್ ಬದಲು ಸೂಪರ್ ಟೈಬ್ರೇಕರ್ ಇರುವ ಟೂರ್ನಿಗಳು. ಈ ಪದ್ಧತಿಯಲ್ಲಿ ಬಲಿಷ್ಠ ಜೋಡಿಗೆ ಚೇತರಿಸಿಕೊಳ್ಳಲು ಸಮಯ ಸಿಗುವುದಿಲ್ಲ. ನಾಲ್ಕೈದು ಪಾಯಿಂಟ್ ಎಡವಿದರೆ ಪಂದ್ಯವೇ ಹೋಯಿತು. 2016ರ ಫೆಬ್ರುವರಿಯಲ್ಲಿ ದೋಹಾದ ಕ್ವಾರ್ಟರ್‌ಫೈನಲ್‌ನಲ್ಲಿ ಓಟ ನಿಂತದ್ದೂ ಹಾಗೆಯೇ: ಮೊದಲ ಸೆಟ್ 6–2ರಿಂದ ಗೆದ್ದು, ಎರಡನೆಯದನ್ನು 4–6ರಿಂದ ಬಿಟ್ಟು, ಸೂಪರ್ ಟೈಬ್ರೇಕರ್‌ನಲ್ಲಿ 5–10ರಿಂದ ಕಸತ್ಕಿನಾ–ವೆಸ್ನಿನಾಗೆ ಸೋತರು. 41ರ ಬೆಲೆ ಗೊತ್ತಾಗುವುದು ಈ ನಿಯಮ ಗೊತ್ತಿದ್ದವರಿಗೆ.

ಸಿಂಗಲ್ಸ್ ಕತೆಯನ್ನು ಡಬಲ್ಸ್‌ನ ಮುನ್ನುಡಿಯಂತೆ ಎರಡು ಸಾಲಲ್ಲಿ ಮುಗಿಸುವುದೂ ಸರಿಯಲ್ಲ. 2007ರ ಆಗಸ್ಟ್ 27ರಂದು ತಲುಪಿದ 27ನೇ ಸ್ಥಾನ ಭಾರತದ ಮಹಿಳೆಯೊಬ್ಬರು ಸಿಂಗಲ್ಸ್‌ನಲ್ಲಿ ಏರಿದ ಅತಿ ಎತ್ತರ. ಡಬ್ಲ್ಯುಟಿಎ ಫೈನಲ್ ನಾಲ್ಕು, ಗೆದ್ದದ್ದು ಒಂದು: 2005ರ ಹೈದರಾಬಾದ್ ಓಪನ್, ಉಕ್ರೇನ್‌ನ ಅಲ್ಯೋನಾ ಬೊಂಡಾರೆಂಕೊ ಎದುರು 6–4, 5–7, 6–3. ಅದೇ ವರ್ಷ ದುಬೈನಲ್ಲಿ ಆಗಿನ ಅಮೆರಿಕ ಓಪನ್ ಚಾಂಪಿಯನ್ ಸ್ವೆಟ್ಲಾನಾ ಕುಜ್ನೆತ್ಸೊವಾರನ್ನು ಸೋಲಿಸಿದರು. ಅಮೆರಿಕ ಓಪನ್‌ನ ನಾಲ್ಕನೇ ಸುತ್ತಿಗೆ ಹೋಗಿ ಮರಿಯಾ ಶರಪೋವಾಗೆ ಸೋತದ್ದೂ 2005ರಲ್ಲೇ. ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್‌ನಲ್ಲಿ ಆಕೆಯ ಅತ್ಯುತ್ತಮ ಸಾಧನೆ ಅದು. 2006ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ, ಮುಂದೆ ತನ್ನ ಜತೆಗಾರ್ತಿಯಾಗಲಿದ್ದ ಹಿಂಗಿಸ್ ವಿರುದ್ಧ ಮೊದಲ ಸೆಟ್ ಕಳೆದುಕೊಂಡು ಗೆದ್ದರು. 2008ರ ಮಣಿಕಟ್ಟಿನ ಗಾಯ, ಶಸ್ತ್ರಚಿಕಿತ್ಸೆ ಸಿಂಗಲ್ಸ್‌ನ ಏರುಗತಿಗೆ ತಡೆಯೊಡ್ಡಿತು. 2013ರ ಹೊತ್ತಿಗೆ ಸಿಂಗಲ್ಸ್ ಬಿಟ್ಟರು.

ಸಿಂಗಲ್ಸ್‌ನ ಗೆಲುವು–ಸೋಲು 271–161. ಇದನ್ನು ಪುರುಷರ ದಾಖಲೆಗಳ ಪಕ್ಕ ಇಟ್ಟು ಹೋಲಿಸಬಾರದು. ಮಹಿಳೆಯರ ಈ ಲೆಕ್ಕದಲ್ಲಿ ಕೆಳಹಂತದ ಐಟಿಎಫ್ ಟೂರ್ನಿಗಳ ಪಂದ್ಯಗಳೂ ಸೇರಿವೆ. ಪುರುಷರ ವೃತ್ತಿಪರ ಸಂಘಟನೆಯಾದ ಎಟಿಪಿಯ ಲೆಕ್ಕದಲ್ಲಿ ಕೆಳಹಂತದ ಚಾಲೆಂಜರ್ ಟೂರ್ನಿಗಳ ಪಂದ್ಯಗಳು ಸೇರುವುದಿಲ್ಲ. ಸಾನಿಯಾ ಗೆದ್ದ 14 ಐಟಿಎಫ್ ಸಿಂಗಲ್ಸ್ ಪ್ರಶಸ್ತಿಗಳ ಗೆಲುವುಗಳೆಲ್ಲ ಆ 271ರ ಒಳಗಿವೆ. ಎದುರಾಳಿ ಪಂದ್ಯಕ್ಕೇ ಬಾರದೆ ಸಿಕ್ಕ ವಾಕ್‌ಓವರ್ ಗೆಲುವಿನ ಲೆಕ್ಕಕ್ಕಿಲ್ಲ. ಪಂದ್ಯದ ನಡುವೆ ಗಾಯಗೊಂಡು ಹಿಂದೆ ಸರಿದರೆ ಅದು ಲೆಕ್ಕಕ್ಕುಂಟು.

ತಾಯಿಯಾದ ಬಳಿಕದ ಮರಳುವಿಕೆಯ ವರದಿಗಳಲ್ಲೂ ಒಂದು ಗೊಂದಲ ಉಳಿದಿತ್ತು. 2020ರ ಜನವರಿಯಲ್ಲಿ ಹೋಬಾರ್ಟ್‌ನಲ್ಲಿ ಉಕ್ರೇನ್‌ನ ನಾಡಿಯಾ ಕಿಚೆನೊಕ್ ಜತೆ ಗೆದ್ದಾಗ, ಎರಡು ವರ್ಷ ಆಡದವರಿಗೆ ನೇರ ಪ್ರವೇಶ ಹೇಗೆ ಸಿಕ್ಕಿತು ಎಂದು ಹಲವರು ಕೇಳಿದರು. ಗಾಯ ಇಲ್ಲವೇ ಹೆರಿಗೆಗಾಗಿ ದೂರ ಉಳಿದವರಿಗೆ ಹಳೆಯ ರ್‍ಯಾಂಕಿಂಗ್ ಬಳಸಿ ನಿರ್ದಿಷ್ಟ ಸಂಖ್ಯೆಯ ಟೂರ್ನಿಗಳಿಗೆ ಪ್ರವೇಶ ಕೊಡುವ ನಿಯಮವಿದೆ. ಟೋಕಿಯೊ ಒಲಿಂಪಿಕ್ಸ್‌ಗೆ ಸಾನಿಯಾ ಹೋದದ್ದೂ ಹೀಗೆ ಕಾದಿಟ್ಟ 9ನೇ ಸ್ಥಾನದಿಂದ, ಅಂಕಿತಾ ರೈನಾರನ್ನು ಜತೆಗೆ ಕರೆದುಕೊಂಡು. ಅಲ್ಲಿ ಕಿಚೆನೊಕ್ ಅವಳಿ ಸೋದರಿಯರ ವಿರುದ್ಧ ಮೊದಲ ಸೆಟ್ 6–0 ಗೆದ್ದು, ಎರಡನೆಯದರಲ್ಲಿ 5–3ರಿಂದ ಮುಂದಿದ್ದೂ ಸೋತರು. ಈ ಕಾದಿಟ್ಟ ಸ್ಥಾನ ಪ್ರವೇಶಕ್ಕೆ ಮಾತ್ರ. ಆ ವಾರದ ನಿಜವಾದ ರ್‍ಯಾಂಕಿಂಗ್ ಎಂದು ಅದನ್ನು ಅಚ್ಚು ಹಾಕಬಾರದು.

ಕನ್ನಡ ಪತ್ರಿಕೆಗಳು ನೆನಪಿಡಬೇಕಾದ ನಂಟುಗಳೂ ಈ ದಾಖಲೆಯಲ್ಲಿವೆ. 2006ರಲ್ಲಿ ಬೆಂಗಳೂರಿನ ಡಬ್ಲ್ಯುಟಿಎ ಟೂರ್ನಿಯ ಡಬಲ್ಸ್ ಪ್ರಶಸ್ತಿ ಸಾನಿಯಾ ಮತ್ತು ಲೀಝೆಲ್ ಹ್ಯೂಬರ್ ಜೋಡಿಯದು. ಕೊಡಗಿನ ರೋಹನ್ ಬೋಪಣ್ಣ ಜತೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ: ಸೆಮಿಫೈನಲ್‌ನಲ್ಲಿ ವೀನಸ್ ವಿಲಿಯಮ್ಸ್–ರಾಜೀವ್ ರಾಮ್ ಎದುರು ಮೊದಲ ಸೆಟ್ ಗೆದ್ದೂ ಸೋತರು, ಕಂಚಿನ ಪಂದ್ಯದಲ್ಲೂ ಸೋತರು. ಸಾನಿಯಾ ಆಡಿದ ಕೊನೆಯ ಗ್ರ್ಯಾಂಡ್ ಸ್ಲಾಂ ಪಂದ್ಯದಲ್ಲಿ ಪಕ್ಕದಲ್ಲಿದ್ದವರೂ ಬೋಪಣ್ಣ ಅವರೇ. ಅದು 2023ರ ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್ ಫೈನಲ್, ಬ್ರೆಜಿಲ್‌ನ ಸ್ಟೆಫಾನಿ–ಮಾಟೊಸ್ ವಿರುದ್ಧ.

ಇಷ್ಟೆಲ್ಲ ಬರೆಯಲು ಕಾರಣ ಸಾನಿಯಾ ಒಬ್ಬರೇ ಅಲ್ಲ. ಈಗ ಐಟಿಎಫ್ ಟೂರ್ನಿಗಳಲ್ಲಿ ಆಡುತ್ತಿರುವ ನಮ್ಮ ಹುಡುಗಿಯರ ಸುದ್ದಿಯೂ ‘ಅಂತರರಾಷ್ಟ್ರೀಯ ಪ್ರಶಸ್ತಿ’ ಎಂಬ ಒಂದೇ ಮಾತಿನಲ್ಲಿ ಬರುತ್ತದೆ. ಆ ಟೂರ್ನಿಗಳಿಗೆ ಡಬ್ಲ್ಯು15, ಡಬ್ಲ್ಯು35, ಡಬ್ಲ್ಯು50, ಡಬ್ಲ್ಯು75, ಡಬ್ಲ್ಯು100 ಎಂಬ ದರ್ಜೆಗಳಿವೆ; ಸಿಂಗಲ್ಸ್ ಗೆದ್ದವರಿಗೆ ಸಿಗುವ ರ್‍ಯಾಂಕಿಂಗ್ ಅಂಕವೇ ಆ ಸಂಖ್ಯೆ. ಡಬ್ಲ್ಯು15 ಗೆದ್ದವರಿಗೂ ಡಬ್ಲ್ಯು100 ಗೆದ್ದವರಿಗೂ ಒಂದೇ ಅಳತೆಯ ತಲೆಬರಹ ಕೊಟ್ಟರೆ ಎರಡನೆಯವರ ಶ್ರಮ ಕಾಣದೇ ಹೋಗುತ್ತದೆ. ಟೂರ್ನಿಯ ಹೆಸರಿನ ಮುಂದೆ ದರ್ಜೆ, ಆಟಗಾರ್ತಿಯ ಹೆಸರಿನ ಮುಂದೆ ಸಿಂಗಲ್ಸೋ ಡಬಲ್ಸೋ ಎಂಬುದು, ಅವರು ಅರ್ಹತಾ ಸುತ್ತಿನಿಂದ ಬಂದವರೋ ನೇರ ಪ್ರವೇಶ ಪಡೆದವರೋ ಎಂಬುದು: ಈ ಮೂರನ್ನು ಮುಂದಿನ ವರದಿಯಿಂದಲೇ ಸೇರಿಸಬೇಕೆಂದು ಕೋರುತ್ತೇನೆ.

ಇಂತಿ,
ಟೆನಿಸ್ ಆಸಕ್ತ ಓದುಗ, ಮೈಸೂರು