ಫೈಟ್ ಸೀನ್ ಯಾರದ್ದು?

ನೋಡಮ್ಮಾ, ಸ್ಕ್ರಿಪ್ಟ್ ಓದಿದೆ. ಸಂಭಾಷಣೆ ಚೆನ್ನಾಗಿದೆ. ಮಾರ್ಕೆಟ್ ಫೈಟ್ ಮಾತ್ರ ಏಳು ಪುಟ! ಯಾವ ಕೈಯಲ್ಲಿ ಏಟು, ಯಾರು ಎಲ್ಲಿ ಬಿದ್ದ, ಕ್ಯಾಮೆರಾ ಎಲ್ಲಿ ಎಲ್ಲಾ ಬರೆದಿದ್ದೀಯ. ಮೇಲಿಂದ, ಫೈಟ್ ಮಾಸ್ಟರ್ ಇದನ್ನು ಬದಲಾಯಿಸಿದರೆ ಸಿನಿಮಾ ನನ್ನದು ಅನ್ನಬಹುದಾ ಅಂತ ಬೇರೆ ಕೇಳಿದ್ದೀಯ. ಬದಲಾಯಿಸಿಯೇ ಬದಲಾಯಿಸುತ್ತಾರೆ, ಈಗಲೇ ರೆಡಿಯಾಗು.

ಹಾಲಿವುಡ್‌ನ 2014ರ 'ಜಾನ್ ವಿಕ್' ತಗೋ. ಚಿತ್ರಕಥೆಗಾರ ಡೆರೆಕ್ ಕೋಲ್‌ಸ್ಟಾಡ್ ಬರೆದಾಗ ಅದರ ಹೆಸರು 'ಸ್ಕಾರ್ನ್', ನಾಯಕ ವಯಸ್ಸಾದವನು. ನಟ ಕೀನು ರೀವ್ಸ್ ಬಂದ ಮೇಲೆ ನಾಯಕನ ವಯಸ್ಸು ಇಳಿಯಿತು. ಅವರು ಹೋದಲ್ಲೆಲ್ಲ ನಾಯಕನ ಹೆಸರು ಹಿಡಿದು 'ಜಾನ್ ವಿಕ್' ಮಾಡುತ್ತಿದ್ದೀನಿ ಅಂತ ಹೇಳಿ ಹೇಳಿ ಕೊನೆಗೆ ಟೈಟಲ್ಲೇ ಬದಲಾಯಿತು. ನಿರ್ದೇಶಿಸಿದ್ದು ಚಾಡ್ ಸ್ಟಾಹೆಲ್ಸ್ಕಿ ಮತ್ತು ಡೇವಿಡ್ ಲೀಚ್. ಇಬ್ಬರೂ ಸ್ಟಂಟ್‌ನಿಂದ ಬಂದವರು, ಸ್ಟಾಹೆಲ್ಸ್ಕಿಯಂತೂ 1999ರ 'ಮ್ಯಾಟ್ರಿಕ್ಸ್'ನಲ್ಲಿ ಇದೇ ರೀವ್ಸ್‌ಗೆ ಡೂಪ್ ಆಗಿದ್ದವರು. ಆದರೆ ನಿರ್ದೇಶಕ ಅಂತ ತೆರೆಯ ಮೇಲೆ ಬಂದಿದ್ದು ಸ್ಟಾಹೆಲ್ಸ್ಕಿ ಹೆಸರು ಮಾತ್ರ. ಒಂದು ಚಿತ್ರಕ್ಕೆ ಒಬ್ಬ ನಿರ್ದೇಶಕ ಅನ್ನೋದು ಅಲ್ಲಿನ ನಿರ್ದೇಶಕರ ಸಂಘದ (ಗಿಲ್ಡ್) ಸಾಮಾನ್ಯ ನಿಯಮ, ವಿನಾಯಿತಿ ಕೊಟ್ಟರೆ ಮಾತ್ರ ಇಬ್ಬರು. ಲೀಚ್ ನಿರ್ಮಾಪಕರ ಪಟ್ಟಿಗೆ ಹೋದರು. ಟೈಟಲ್ ಕಾರ್ಡ್ ನಂಬಿ ಸಿನಿಮಾ ಯಾರದ್ದು ಅಂತ ಹೇಳೋದು ಕಷ್ಟ ಅಲ್ವಾ?

ಆದರೂ ಕಥೆಯ ಬುಡ ಕೋಲ್‌ಸ್ಟಾಡ್ ಅವರದ್ದೇ. ಹೆಂಡತಿ ಸಾಯುವ ಮುಂಚೆ ಏರ್ಪಾಡು ಮಾಡಿ ಕಳಿಸಿದ ನಾಯಿಮರಿ, ಅದನ್ನು ಕೊಂದ ಒಬ್ಬ ಪುಂಡ. ಬಿದ್ದವನನ್ನು ಒತ್ತಿ ಹಿಡಿದುಕೊಂಡೇ ಇನ್ನೊಬ್ಬನಿಗೆ ಗುಂಡು ಹಾರಿಸೋದು, ಗುಂಡು ಮುಗಿದಾಗ ನಿಂತು ಮ್ಯಾಗಜಿನ್ ಬದಲಾಯಿಸೋದು, ಇದೆಲ್ಲ ಸ್ಟಂಟ್‌ನವರ ಬರಹ. ನಾಯಿಮರಿ ಇಲ್ಲದಿದ್ದರೆ ಅಷ್ಟೂ ಸುಮ್ನೆ ಕಸರತ್ತು.

ನಿರ್ದೇಶಕ ಜಾರ್ಜ್ ಮಿಲ್ಲರ್ ಅವರ 'ಫ್ಯೂರಿ ರೋಡ್' (2015) ಇನ್ನೂ ವಿಚಿತ್ರ. ಅದನ್ನು ಮೊದಲು ಕಟ್ಟಿದ್ದೇ ಸ್ಟೋರಿಬೋರ್ಡ್‌ನಲ್ಲಿ, ಅಂದರೆ ದೃಶ್ಯಗಳನ್ನು ಒಂದೊಂದಾಗಿ ಕೈಯಲ್ಲಿ ಬಿಡಿಸಿದ ಸುಮಾರು 3,500 ಚಿತ್ರಗಳಲ್ಲಿ. ಹಾಗಾಗಿ ಕಾಮಿಕ್ಸ್ ಕಲಾವಿದ ಬ್ರೆಂಡನ್ ಮೆಕಾರ್ಥಿಗೆ ಬರಹಗಾರರ ಸಾಲಿನಲ್ಲಿ ಜಾಗ ಸಿಕ್ಕಿದೆ. ನಮೀಬಿಯಾದ ಮರಳುಗಾಡಲ್ಲಿ ಗೈ ನಾರಿಸ್ ಅವರ ಸ್ಟಂಟ್ ತಂಡ ನಿಜವಾದ ಗಾಡಿಗಳ ಮೇಲೆ ಕೆಲಸ ಮಾಡಿತು. ಸಂಕಲನಕ್ಕೆ ಬಂದಿದ್ದು ಸುಮಾರು 480 ಗಂಟೆಯ ಫುಟೇಜ್. ಮಿಲ್ಲರ್ ಅವರ ಪತ್ನಿ ಮಾರ್ಗರೆಟ್ ಸಿಕ್ಸೆಲ್ ಅದನ್ನು ಎರಡು ಗಂಟೆಗೆ ಇಳಿಸಿ ಆಸ್ಕರ್ ಗೆದ್ದರು. ಎಲ್ಲ ಮೊದಲೇ ಸ್ಟೋರಿಬೋರ್ಡ್‌ನಲ್ಲಿ ಇತ್ತು ನಿಜ, ಆದರೂ ಆ ರಾಶಿಯಿಂದ ಯಾವ ಕ್ಷಣ ಇರಬೇಕು, ಯಾವುದು ಹೋಗಬೇಕು ಅಂತ ಆರಿಸಿದ್ದನ್ನು ನಾನಂತೂ ಬರಹ ಅಂತಲೇ ಕರೆಯುತ್ತೇನೆ.

ಸ್ಟಂಟ್‌ನವರಿಗೆ ಆಸ್ಕರ್ ಶುರುವಾಗೋದೇ 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಂದ. ಈ ವಿಷಯದಲ್ಲಿ ನಮ್ಮವರೇ ವಾಸಿ. 2019ರ 'ಅವನೇ ಶ್ರೀಮನ್ನಾರಾಯಣ'ಕ್ಕೆ ಫೈಟ್ ಮಾಸ್ಟರ್ ವಿಕ್ರಂ ಮೋರ್ ಸ್ಟಂಟ್‌ಗೆ ರಾಷ್ಟ್ರ ಪ್ರಶಸ್ತಿ ತಗೊಂಡರು.

ಸರಿ, ನಿನ್ನ ಏಳು ಪುಟ. ಎರಡಕ್ಕೆ ಇಳಿಸು. ಹುಡುಗಿ ಈ ಜಗಳಕ್ಕೆ ಯಾಕೆ ನಿಂತಳು, ಏನು ಕಳೆದುಕೊಂಡಳು, ಜಗಳ ಮುಗಿದಾಗ ಅವಳ ಬಗ್ಗೆ ನಮಗೆ ಹೊಸದಾಗಿ ಏನು ಗೊತ್ತಾಯಿತು, ಇಷ್ಟು ಗಟ್ಟಿಯಾಗಿರಲಿ. ಮಾರ್ಕೆಟ್‌ನಲ್ಲಿ ಏನೇನಿದೆ, ಗಲ್ಲಿ ಎಷ್ಟು ಅಗಲ, ಓಡಿಹೋಗಲು ದಾರಿ ಎಲ್ಲಿ ಅಂತ ಬರೆ, ಅದು ಮಾಸ್ಟರ್‌ಗೆ ಬೇಕು. ಅವಳಿಗೆ ಎಡಗೈ ಎತ್ತಲಾಗದು ಅಂತ ಮೊದಲೇ ಬರೆದಿದ್ದೀಯಲ್ಲ, ಅದು ಒಳ್ಳೆಯದು, ಬಿಡಬೇಡ. ಅದೊಂದರಿಂದ ಅವರು ಇಡೀ ಫೈಟ್ ಕಟ್ಟಬಹುದು. ಏಟುಗಳನ್ನು ಅವರಿಗೇ ಬಿಡು. ಆದರೆ ರಿಹರ್ಸಲ್‌ಗೆ ಹೋಗು, ಮೂಲೆಯಲ್ಲಿ ಕೂತು ನೋಡು. ಅವಳು ಮಾಡದಂಥದ್ದೇನಾದರೂ ಅವಳ ಕೈಯಲ್ಲಿ ಮಾಡಿಸುತ್ತಿದ್ದರೆ ಆಗ ಬಾಯಿಬಿಡು, ಮಾಸ್ಟರ್ ಎಷ್ಟೇ ದೊಡ್ಡವರಾಗಿರಲಿ.

ಇನ್ನು ಹಕ್ಕಿನ ವಿಷಯ, ಇದನ್ನೂ ಮೇಲಿನದ್ದನ್ನೂ ಬೆರೆಸಬೇಡ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಿನಿಮಾದ ಕರ್ತೃ ನಿರ್ಮಾಪಕ! ನಿರ್ದೇಶಕನೂ ಅಲ್ಲ. ಆದರೆ ನಿನ್ನ ಸ್ಕ್ರಿಪ್ಟ್ ಬೇರೆಯೇ ಕೃತಿ, ಅದಕ್ಕೆ ಕರ್ತೃ ನೀನು. 2012ರ ತಿದ್ದುಪಡಿ ಆದಮೇಲೆ, ಥಿಯೇಟರ್ ಪ್ರದರ್ಶನ ಬಿಟ್ಟು ಬೇರೆ ಬಳಕೆಗೆ ಬರುವ ರಾಯಲ್ಟಿ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಡುವಂತೆಯೂ ಇಲ್ಲ. ಕಥೆ, ಚಿತ್ರಕಥೆ, ಸಂಭಾಷಣೆ, ಯಾವುದಕ್ಕೆ ನಿನ್ನ ಹೆಸರು ಬರುತ್ತೆ ಅಂತ ಅಗ್ರಿಮೆಂಟ್‌ನಲ್ಲಿ ಬಿಡಿಸಿ ಬರೆಸಿಕೋ. ಆಮೇಲೆ ನೋಡೋಣ ಅಂದರೆ ಸಹಿ ಹಾಕಬೇಡ. ವಕೀಲರ ಫೀಸ್ ಜಾಸ್ತಿ ಅನ್ನಿಸಿದರೆ ನನಗೆ ಕಳಿಸು, ಪರಿಚಯದವರೊಬ್ಬರಿಗೆ ತೋರಿಸುತ್ತೇನೆ.