ಶೆಡ್ಡಿಗೆ ಮರದ ಸ್ಟ್ಯಾಂಡ್: ಈ ಭಾನುವಾರ ಬೆಳಿಗ್ಗೆ 9ಕ್ಕೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯ ಮಳೆ ಹಿಡಿಯುವ ಮೊದಲು ನಮ್ಮ ಶೆಡ್ಡಿನ ಸಾಮಾನು ನೆಲ ಬಿಟ್ಟು ಮೇಲೇರಬೇಕು. ಕಳೆದ ಮಳೆಗಾಲದಲ್ಲಿ ಗೊಬ್ಬರದ ಚೀಲಗಳು ತೇವಕ್ಕೆ ಕಲ್ಲಾಗಿದ್ದು ನೋಡಿ ಹೊಟ್ಟೆ ಉರಿದಿತ್ತು. ಭಾನುವಾರ ಸೇರಿ ಎರಡು ಸ್ಟ್ಯಾಂಡ್ ಮಾಡಿಬಿಡೋಣ.

ತೋಟದ ಸಿಲ್ವರ್ ಓಕ್ ಹಲಗೆಯೇ ಸಾಕು. ಆದರೆ ಹಸಿ ಮರ ಮಾತ್ರ ಬೇಡವೇ ಬೇಡ; ಒಣಗುತ್ತಾ ಸೊಟ್ಟಗಾಗುತ್ತದೆ, ಸ್ಕ್ರೂ ಸಡಿಲಾಗುತ್ತದೆ. ನೆರಳಲ್ಲಿ ನಡುವೆ ರೀಪು ಕೊಟ್ಟು ಪೇರಿಸಿ ಒಣಗಿಸಿದ 1 ಇಂಚಿನ ಹಲಗೆ ಯಾರ ಮನೆಯಲ್ಲಿದೆ? ಇಲ್ಲೇ ತಿಳಿಸಿ.

ಕಂಬದಿಂದ ಕಂಬಕ್ಕೆ 3 ಅಡಿ ದಾಟಿಸುವುದು ಬೇಡ, ಭಾರಕ್ಕೆ ಹಲಗೆ ನಡುವೆ ಬಾಗುತ್ತದೆ. ಅಡ್ಡಪಟ್ಟಿಯ ಕೆಳಗೆ ಕಂಬಕ್ಕೊಂದು ಮರದ ತುಂಡು ಹೊಡೆದರೆ ತೂಕವೆಲ್ಲ ಸ್ಕ್ರೂ ಮೇಲೆ ಬೀಳುವುದಿಲ್ಲ. ಹಿಂದುಗಡೆ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ರೀಪು ಇರಲೇಬೇಕು. ಅದಿಲ್ಲದ ಸ್ಟ್ಯಾಂಡ್ ಅಲ್ಲಾಡದೆ ನಿಲ್ಲುವುದಿಲ್ಲ. ಕಾಲಿನಡಿ ಕಲ್ಲಿನ ತುಂಡು ಇಡೋಣ, ಗೋಡೆಯಿಂದ 2 ಇಂಚು ಬಿಡೋಣ. ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತದೆ. ಮೇಲ್ತುದಿಯನ್ನು ಗೋಡೆಗೆ ಕ್ಲಾಂಪ್ ಹಾಕಿ ಬಿಗಿಯೋಣ, ಶೆಡ್ಡಿಗೆ ಮಕ್ಕಳೂ ಬರುತ್ತಾರೆ.

ಡ್ರಿಲ್ ನನ್ನ ಹತ್ತಿರ ಇದೆ. ಗರಗಸ, ರಸಮಟ್ಟ ಇದ್ದವರು ತನ್ನಿ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ. ಬರುವವರು ಶುಕ್ರವಾರದೊಳಗೆ ಹೆಸರು ಹಾಕಿ.