ಬಾಳೆಹಣ್ಣು ಬಿಡಿ, ಬೋರ್‌ವೆಲ್ ನೀರು ನೋಡಿ

ಸಂಪಾದಕರೇ,

ಬಾಳೆಹಣ್ಣಲ್ಲಿ ವಿಕಿರಣ ಇದೆ ಅಂತ ವಾಟ್ಸಾಪ್‌ನಲ್ಲಿ ಸುಮ್ನೆ ಹೆದರಿಸುತ್ತಿದ್ದಾರೆ. ಇದೆ, ನಿಜ. ಅದು ಬರುವುದು ಹಣ್ಣಿನ ಪೊಟ್ಯಾಸಿಯಂನಿಂದ; ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸುಮಾರು 31 ಬೆಕೆರೆಲ್ (ವಿಕಿರಣ ಅಳೆಯುವ ಮಾನ) ಇರುತ್ತದೆ, ಆದರೆ ಹೆಚ್ಚಾದ ಪೊಟ್ಯಾಸಿಯಂ ಅನ್ನು ಮೂತ್ರಪಿಂಡ ಹೊರಹಾಕುವುದರಿಂದ ಇನ್ನೆರಡು ಹಣ್ಣು ತಿಂದರೂ ಮೈಯಲ್ಲಿ ಅದು ಜಾಸ್ತಿಯಾಗುತ್ತಾ ಹೋಗುವುದಿಲ್ಲ. ನೋಡಬೇಕಾದದ್ದು ವಿಕಿರಣ ಸೂಸುವ ಲೋಹಗಳಾದ ಯುರೇನಿಯಂ, ರೇಡಿಯಂ. ರೇಡಿಯಂ ಕ್ಯಾಲ್ಸಿಯಂ ತರಹವೇ ಮೂಳೆ ಸೇರುತ್ತದೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ನೆಲದಡಿ ಯುರೇನಿಯಂ ಅದಿರಿದೆ. ಸುತ್ತಲಿನ ಜೋಳ, ತೊಗರಿ, ಬೋರ್‌ವೆಲ್ ನೀರನ್ನು ಆಗಾಗ ಅಳೆದು ಅಂಕಿಗಳನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ. ಅಳತೆಗೆ ತಾಳ್ಮೆ ಬೇಕು: ಕಾಳು ಒಣಗಿಸಿ, ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಸುಮಾರು ಒಂದು ತಿಂಗಳು ಇಟ್ಟು, ಆಮೇಲೆ ಸೀಸದ ಗೂಡಿನೊಳಗಿನ ಗಾಮಾ ಕಿರಣ ಗುರುತಿಸುವ ಡಿಟೆಕ್ಟರ್‌ನಲ್ಲಿ ಗಂಟೆಗಟ್ಟಲೆ ಆ ಕಿರಣಗಳನ್ನು ಎಣಿಸಬೇಕು. ಮೊಬೈಲ್ ಆ್ಯಪ್‌ನಿಂದ ಆಗುವ ಕೆಲಸವಲ್ಲ, ಅಲ್ವಾ?

– ಒಬ್ಬ ಓದುಗ, ಶಹಾಪುರ